‘ನಿನ್ನಂಥವರ ಬಗ್ಗೆ ಅಲ್ಲ ಬಿಡು’ ಅಂದರೆ ಸಮಾಧಾನ ಆಗುತ್ತಾ?

ಪ್ರಶ್ನೆ: ನಾನು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎಂಜಿನಿಯರ್. ಬ್ಲೂ ಕಾರ್ಡ್ ಮೇಲೆ, ಅಂದರೆ ನುರಿತ ಕೆಲಸಗಾರರಿಗೆ ಕೊಡುವ ಯುರೋಪಿನ ಪರವಾನಗಿ ಮೇಲೆ ಬಂದವಳು. ಜರ್ಮನ್ ಚೆನ್ನಾಗಿ ಬರುತ್ತದೆ, ಒಳ್ಳೆಯ ಗೆಳೆಯರೂ ಇದ್ದಾರೆ. ಆದರೆ 2025ರ ಚುನಾವಣೆಯಿಂದೀಚೆಗೆ ಮನಸ್ಸಿಗೆ ಕಸಿವಿಸಿ. ವಲಸಿಗರ ವಿರುದ್ಧದ ಭಾಷಣದ ಮಾತು ಬಂದರೆ ಸಹೋದ್ಯೋಗಿಗಳು ‘ಅದು ನಿನ್ನಂಥವರ ಬಗ್ಗೆ ಅಲ್ಲ ಬಿಡು’ ಅನ್ನುತ್ತಾರೆ. ಟ್ರಾಮ್‌ನಲ್ಲಿದ್ದಾಗ ಅಮ್ಮನ ಫೋನ್ ಬಂದರೆ ಈಗ ಎತ್ತುವುದಿಲ್ಲ, ‘ಆಮೇಲೆ ಮಾಡ್ತೀನಿ’ ಅಂತ ಮೆಸೇಜ್ ಹಾಕುತ್ತೇನೆ. ನಾನೇ ಜಾಸ್ತಿ ತಲೆ ಕೆಡಿಸಿಕೊಳ್ತಿದ್ದೀನಾ?

ಉತ್ತರ: ಇಲ್ಲ. ಫೆಬ್ರವರಿ 2025ರ ಸಂಸತ್ ಚುನಾವಣೆಯಲ್ಲಿ ವಲಸಿಗರನ್ನು ವಿರೋಧಿಸುವ ಕಡುಬಲಪಂಥೀಯ ಎಎಫ್‌ಡಿ ಪಕ್ಷಕ್ಕೆ ಶೇ 20.8 ಮತ ಬಂತು, ನೀವಿರುವ ಸ್ಯಾಕ್ಸನಿ ರಾಜ್ಯದಲ್ಲಂತೂ ಅದಕ್ಕೇ ಮೊದಲ ಸ್ಥಾನ. ಟ್ರಾಮ್ ಹತ್ತಿದವರಿಗೆ ಇದು ನೆನಪಾಗದೆ ಇರುತ್ತಾ?

ನಿಮ್ಮ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳುತ್ತಾರೆ, ಅನುಮಾನ ಬೇಡ. ಆದರೆ ಆ ಮಾತಿನಲ್ಲಿ ಒಂದು ಷರತ್ತು ಇದೆ: ನೀನು ಉಪಯೋಗಕ್ಕೆ ಬರುವವಳು, ಅದಕ್ಕೆ ಇರಬಹುದು. ಕೆಲಸ ಹೋದರೆ? ಅಲ್ಲದೆ ಬೀದಿಯಲ್ಲಿ ಯಾರೂ ನಿಮ್ಮ ವೀಸಾ ಯಾವುದು ಅಂತ ನೋಡಿ ಮುಖ ಸಿಂಡರಿಸುವುದಿಲ್ಲ, ಅಲ್ವಾ?

ಕೌಶಲ ಇದ್ದವರನ್ನು ಇಂಥ ಮಾತು ಮುಟ್ಟುವುದಿಲ್ಲ ಅನ್ನುವುದಂತೂ ಸುಳ್ಳು. 2000ದಲ್ಲಿ ಆಗಿನ ಚಾನ್ಸಲರ್ ಶ್ರೋಡರ್ ಸರ್ಕಾರ ಹೊರದೇಶದ ಐಟಿ ತಜ್ಞರಿಗೆ ಗ್ರೀನ್ ಕಾರ್ಡ್ ಕೊಡಲು ಹೊರಟಾಗ ವಿರೋಧ ಪಕ್ಷ ಸಿಡಿಯುನ ಯೂರ್ಗೆನ್ ರುಟ್‌ಗರ್ಸ್ ಅದರ ವಿರುದ್ಧವೇ ಪ್ರಚಾರ ಮಾಡಿದರು. ‘ಭಾರತೀಯರ ಬದಲು ಮಕ್ಕಳು’ ಅನ್ನುವ ಘೋಷಣೆ ಹುಟ್ಟಿದ್ದು ಆಗಲೇ. ಗುರಿ ಆಗಿದ್ದವರು ಸಾಫ್ಟ್‌ವೇರ್ ಎಂಜಿನಿಯರ್‌ಗಳೇ. ಆ ವರ್ಷದ ರಾಜ್ಯ ಚುನಾವಣೆಯಲ್ಲಿ ರುಟ್‌ಗರ್ಸ್ ಸೋತರು, ಅದೂ ನಿಜ.

ಈಗಿನದನ್ನೇ ನೋಡಿ. ಭಾರತದ ನುರಿತ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂತ 2024ರಲ್ಲಿ ಜರ್ಮನಿಯೇ ಹೇಳಿತು. ಅದೇ ವರ್ಷ ಜೂನ್‌ನಲ್ಲಿ ಪೌರತ್ವ ಕಾನೂನು ಸಡಿಲಾಯಿತು. ಭಾಷೆಯಲ್ಲಿ ಸಿ1, ಅಂದರೆ ಬಹಳ ಮುಂದುವರಿದ ಮಟ್ಟ ತಲುಪಿ, ಕೆಲಸದಲ್ಲಿ ವಿಶೇಷ ಸಾಧನೆ ತೋರಿಸಿದವರಿಗೆ ಐದರ ಬದಲು ಮೂರೇ ವರ್ಷಕ್ಕೆ ಪೌರತ್ವ. ಅಂದರೆ ಎಲ್ಲರಿಗಿಂತ ಚೆನ್ನಾಗಿ ಬೆರೆತವರಿಗೆ. ಇದನ್ನು ‘ಟರ್ಬೊ ಪೌರತ್ವ’ ಅಂತ ಹಂಗಿಸಿ, ಅಕ್ಟೋಬರ್ 2025ರಲ್ಲಿ ತೆಗೆದೇ ಹಾಕಿದರು. ತೆಗೆದದ್ದು ಎಎಫ್‌ಡಿ ಅಲ್ಲ, ಅಧಿಕಾರದಲ್ಲಿರುವ ಮೈತ್ರಿ ಸರ್ಕಾರ. ಸಂಜೆ ಹೊತ್ತು ಸಿ1 ಕ್ಲಾಸಿಗೆ ಓಡುತ್ತಿದ್ದವರಿಗೆ ಹೇಗನ್ನಿಸಿರಬೇಡ! ನನಗೆ ಇದೇ ಎಲ್ಲಕ್ಕಿಂತ ಬೇಜಾರಿನ ಸಂಗತಿ.

ಇನ್ನೊಂದು ವಿಷಯ. ಹೆಚ್ಚು ಓದಿದ, ಭಾಷೆ ಕಲಿತ ವಲಸಿಗರಿಗೇ ತಾರತಮ್ಯ ಜಾಸ್ತಿ ಕಾಣುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಸುದ್ದಿ ಓದುತ್ತೀರಿ, ಊಟದ ಮೇಜಿನ ಪಿಸುಮಾತೂ ಅರ್ಥವಾಗುತ್ತದೆ, ಸಮಾನತೆ ಸಿಗಬೇಕು ಅಂತಲೂ ಅನ್ನಿಸುತ್ತದೆ. ಹಾಗಾಗಿ ಈ ನೋವು ನೀವು ಬೆರೆತಿಲ್ಲ ಅನ್ನುವುದಕ್ಕೆ ಗುರುತಲ್ಲ.

ಏನು ಮಾಡಬಹುದು? ಗೆಳೆಯರಿಗೆ ನೇರವಾಗಿ ಹೇಳಿ: ‘ನನಗೆ ವಿನಾಯಿತಿ ಬೇಡ, ಆ ಮಾತು ತಪ್ಪು ಅಂತ ಹೇಳಿ ಸಾಕು.’ ಬಹಳ ಜನಕ್ಕೆ ಇದು ಹೊಳೆದೇ ಇರುವುದಿಲ್ಲ. ಅಮ್ಮನ ಫೋನ್ ಎತ್ತಿ ಅಂತ ಸುಮ್ನೆ ಧೈರ್ಯ ತುಂಬಲಾರೆ, ರಾತ್ರಿಯ ಖಾಲಿ ಟ್ರಾಮ್‌ನಲ್ಲಿ ಕೂರುವವರು ನೀವು, ನಾನಲ್ಲ. ಆದರೆ ಒಂದು ಹಕ್ಕು ನಿಮಗಿದೆ. ಸಂಸತ್ತಿಗೆ ಮತ ಹಾಕಲು ಆಗದಿದ್ದರೂ, ನಿಮ್ಮ ಕಂಪನಿಯಲ್ಲಿ ನೌಕರರ ಮಂಡಳಿ, ಅಂದರೆ ಬೆಟ್ರೀಬ್ಸ್‌ರಾಟ್ ಇದ್ದರೆ, ಅದರ ಚುನಾವಣೆಗೆ ಯಾವ ಪಾಸ್‌ಪೋರ್ಟ್ ಅಂತ ಯಾರೂ ಕೇಳುವುದಿಲ್ಲ. ಆರು ತಿಂಗಳು ಕೆಲಸ ಮಾಡಿದ್ದರೆ ನೀವೇ ನಿಲ್ಲಲೂಬಹುದು. ಮುಂದಿನ ಸಲ ಚುನಾವಣೆ ಬಂದಾಗ ಹೆಸರು ಕೊಡಿ.