ಬಂದು ಹೋಗುವ ಎಂಜಿನ್ ಲೈಟ್: ಮೊದಲು ಕೋಡ್ ಅಳಿಸುವುದು ನಿಲ್ಲಿಸಿ

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಸ್ಪೋರ್ಟ್ಸ್ ಕಾರ್. ಚೆಕ್ ಎಂಜಿನ್ ಲೈಟ್ ಆಗಾಗ ಬರುತ್ತದೆ, ಕೆಲವು ದಿನ ಇದ್ದು ತಾನಾಗೇ ಹೋಗುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಕೋಡ್ ಅಳಿಸಿ ಕೊಡುತ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ. ಒಂದೊಂದು ಸಲ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಗಾಡಿ ಜರ್ಕ್ ಹೊಡೆಯುತ್ತದೆ, ಆಮೇಲೆ ಏನೂ ಇಲ್ಲ. ಸೆನ್ಸರ್ ತೊಂದರೆ ಇರಬಹುದಾ? ಸುಮ್ನೆ ಬಿಟ್ಟುಬಿಡಬಹುದಾ?

ಉತ್ತರ: ಬಿಡಬೇಡಿ. ಅದಕ್ಕಿಂತ ಮುಖ್ಯವಾಗಿ, ಇನ್ನು ಮುಂದೆ ನೋಡದೆ ಅಳಿಸಲು ಬಿಡಬೇಡಿ.

ಲೈಟ್ ಹೋಯಿತು ಅಂದ ಮಾತ್ರಕ್ಕೆ ತೊಂದರೆ ಹೋಗಿಲ್ಲ. ಬಹಳಷ್ಟು ದೋಷಗಳನ್ನು ಎಂಜಿನ್ ಕಂಪ್ಯೂಟರ್ ಮೊದಲ ಸಲ ಕಂಡಾಗ ಪೆಂಡಿಂಗ್ ಕೋಡ್ ಅಂತ ಬರೆದಿಟ್ಟುಕೊಂಡು ಸುಮ್ಮನಿರುತ್ತದೆ. ಮುಂದಿನ ಓಡಾಟದಲ್ಲೂ ಅದೇ ಕಂಡರೆ ಆಗ ಲೈಟ್ ಹಾಕುತ್ತದೆ. ಆಮೇಲೆ ಸತತ 3 ಓಡಾಟದಲ್ಲಿ ಪರೀಕ್ಷೆ ಸರಿ ಬಂದರೆ ಲೈಟ್ ಆರಿಸುತ್ತದೆ, ಆದರೆ ಕೋಡ್ ಮಾತ್ರ ಸಾಮಾನ್ಯವಾಗಿ ಇನ್ನೂ 40 ಸಲ ಎಂಜಿನ್ ತಣ್ಣಗಾಗಿ ಬಿಸಿಯಾಗುವ ತನಕ ಒಳಗೆ ಉಳಿದಿರುತ್ತದೆ. ಹಾಗಾಗಿ ಲೈಟ್ ಇಲ್ಲದ ದಿನವೂ ಸ್ಕ್ಯಾನ್ ಮಾಡಿಸಬಹುದು.

ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಇರುತ್ತದೆ. ದೋಷ ಕಂಡ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಮೇಲೆ ಲೋಡ್ ಎಷ್ಟಿತ್ತು, ಕೂಲಂಟ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು, ಎಲ್ಲ ಅದರಲ್ಲಿರುತ್ತದೆ. ಬಂದು ಹೋಗುವ ತೊಂದರೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲ್ಲ. ಅಳಿಸಿದ ಕೂಡಲೇ ಅದೂ ಹೋಗುತ್ತದೆ, ಹಲವು ಗಾಡಿಗಳಲ್ಲಿ ಬ್ಯಾಟರಿ ವೈರ್ ಬಿಚ್ಚಿದರೂ ಅಷ್ಟೇ. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಹಾಕುವ ಸಣ್ಣ ರೀಡರ್ ಒಂದನ್ನು ತಗೊಳ್ಳಿ, ಲೈಟ್ ಬಂದ ದಿನವೇ ಫೋನಿನಲ್ಲಿ ಆ ಪುಟದ ಫೋಟೋ ಇಟ್ಟುಕೊಳ್ಳಿ.

ಈಗ ನಿಮ್ಮ ಜರ್ಕ್ ವಿಷಯ. ನನ್ನ ಮೊದಲ ಅನುಮಾನ ಇಗ್ನಿಷನ್ ಮೇಲೆ, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ವ್ಯವಸ್ಥೆ ಮೇಲೆ. ಟರ್ಬೊ ಒತ್ತಡ ಏರಿದಾಗ ಸಿಲಿಂಡರ್ ಒಳಗೆ ಗಾಳಿ ದಟ್ಟವಾಗುತ್ತದೆ, ಪ್ಲಗ್ ತುದಿಯಲ್ಲಿ ಕಿಡಿ ಹಾರುವುದು ಕಷ್ಟವಾಗುತ್ತದೆ. ಸವೆದು ಗ್ಯಾಪ್ ಜಾಸ್ತಿಯಾದ ಪ್ಲಗ್ ಅಥವಾ ಸೋತ ಕಾಯಿಲ್ (ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಭಾಗ) ಐಡ್ಲಿಂಗ್‌ನಲ್ಲಿ ಚೆನ್ನಾಗೇ ಇದ್ದು, ಪೂರ್ತಿ ಒತ್ತಿದಾಗ ಮಾತ್ರ ಮಿಸ್ ಆಗುತ್ತದೆ, ಅಂದರೆ ಆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯಲ್ಲ. 2ನೇ ಸಿಲಿಂಡರ್ ಮಿಸ್ ಆಗುತ್ತಿದೆ ಅನ್ನುವ ಕೋಡ್ ಪಿ0302 ಬಂದಿದೆ, ಫ್ರೀಜ್ ಫ್ರೇಮ್‌ನಲ್ಲಿ 5,000 ಆರ್‌ಪಿಎಂ, ಲೋಡ್ 90% ಅಂತಿದೆ ಅಂದುಕೊಳ್ಳಿ. 2ನೇ ಸಿಲಿಂಡರಿನ ಕಾಯಿಲ್ ತೆಗೆದು 3ಕ್ಕೆ ಹಾಕಿ, 3ರದ್ದು 2ಕ್ಕೆ. ಬೇರೇನೂ ಮುಟ್ಟಬೇಡಿ. ಮುಂದಿನ ಸಲ ಪಿ0303, ಅಂದರೆ 3ನೇ ಸಿಲಿಂಡರಿನ ಮಿಸ್, ಬಂದರೆ ಕಾಯಿಲ್ ಹೋಗಿದೆ. ಮತ್ತೆ ಪಿ0302 ಬಂದರೆ ಪ್ಲಗ್ ಅದಲು ಬದಲು ಮಾಡಿ, ಅದೂ ಅಲ್ಲದಿದ್ದರೆ ಇಂಜೆಕ್ಟರ್ ಕಡೆ ಹೋಗಿ. ಒಟ್ಟಿಗೆ ಎಲ್ಲ ಬದಲಾಯಿಸಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತೇ ಆಗಲ್ಲ, ಅಲ್ವಾ?

ಕೋಡ್ ಪಿ0171 ಆಗಿದ್ದರೆ ದಾರಿ ಬೇರೆ, ಅಂದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ. ರೀಡರ್ ಆಗಿಂದಾಗಲೇ ತೋರಿಸುವ ಲೈವ್ ಡೇಟಾದಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು (+) ಅಥವಾ ಕಡಿಮೆ (-) ಮಾಡುತ್ತಿದೆ ಅನ್ನುವ ಅಂಕಿ. ಐಡ್ಲಿಂಗ್‌ನಲ್ಲಿ +18% ಇದ್ದದ್ದು 2,500 ಆರ್‌ಪಿಎಂಗೆ ಏರಿಸಿದಾಗ +3%ಗೆ ಇಳಿದರೆ ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ, ವ್ಯಾಕ್ಯೂಮ್ ಪೈಪ್ ಹುಡುಕಿ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಂತೆ ಏರುತ್ತಾ ಹೋದರೆ ಫ್ಯೂಯಲ್ ಪಂಪ್ ಅಥವಾ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ನೋಡಬೇಕು. ಎಣ್ಣೆ ಹಚ್ಚುವ ಆಫ್ಟರ್‌ಮಾರ್ಕೆಟ್ ಏರ್ ಫಿಲ್ಟರ್ ಹಾಕಿಸಿದ್ದೀರಾ? ಎಣ್ಣೆ ಜಾಸ್ತಿಯಾದರೆ ಅದು ಆ ಸೆನ್ಸರಿನ ತಂತಿಗೆ ಅಂಟುತ್ತದೆ. ಪಿ0299 ಬಂದರೆ ಟರ್ಬೊ ಬೂಸ್ಟ್ ಸಾಲುತ್ತಿಲ್ಲ ಅಂತ, ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಣ್ಣಗಾಗಿಸುವ ಭಾಗ) ಪೈಪಿನ ಕ್ಲಾಂಪ್ ಸಡಿಲವಾಗಿದೆಯಾ ಅಂತ ಮೊದಲು ನೋಡಿ. ಪೆಟ್ರೋಲ್ ಕ್ಯಾಪ್ ಸರಿಯಾಗಿ ಕೂರದಿದ್ದರೂ ಲೈಟ್ ಬರುತ್ತದೆ, ಆದರೆ ಅದರಿಂದ ಜರ್ಕ್ ಬರಲ್ಲ.

ವೈರಿಂಗ್ ಮರೆಯಬೇಡಿ. ಇಂಥ ಗಾಡಿಗಳಲ್ಲಿ ಎಲ್ಲ ಇಕ್ಕಟ್ಟು, ಟರ್ಬೊ ಬಿಸಿ ಬೇರೆ, ಸಸ್ಪೆನ್ಷನ್ ಗಟ್ಟಿ ಇರುವುದರಿಂದ ಅದುರುವಿಕೆಯೂ ಜಾಸ್ತಿ. ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಬಿಸಿ ಭಾಗಕ್ಕೂ ತಿರುಗುವ ಬೆಲ್ಟಿಗೂ ಕೈ ತಾಗದ ಹಾಗೆ, ಸೆನ್ಸರ್‌ಗಳ ಕನೆಕ್ಟರನ್ನು ಒಂದೊಂದಾಗಿ ಮೆಲ್ಲಗೆ ಅಲ್ಲಾಡಿಸಿ ಲೈವ್ ಡೇಟಾ ನೋಡಿ. ಅಂಕಿ ಹಾರಿದರೆ ತೊಂದರೆ ಅಲ್ಲೇ ಇದೆ. ಕಾಯಿಲ್ ಕನೆಕ್ಟರ್ ಮಾತ್ರ ಎಂಜಿನ್ ಆಫ್ ಮಾಡಿ ನೋಡಿ.

ಲೈಟ್ ಮಿನುಗುತ್ತಿದ್ದರೆ ಮಾತ್ರ ಕಾಯಬೇಡಿ, ಮಿಸ್ ಜೋರಾಗಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜಾಲರಿ ಕರಗಬಹುದು. ಕಾಲು ಸಡಿಲಿಸಿ, ಆದರೂ ಮಿನುಗು ನಿಲ್ಲದಿದ್ದರೆ ಗಾಡಿ ನಿಲ್ಲಿಸಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ. ಆಮೇಲೆ ಎಂಜಿನ್ ಅಷ್ಟೇ ಬಿಸಿಯಾಗಲು ಬಿಟ್ಟು, ಸುರಕ್ಷಿತವಾದ ಖಾಲಿ ಜಾಗದಲ್ಲಿ ಫ್ರೀಜ್ ಫ್ರೇಮ್‌ನಲ್ಲಿದ್ದ ಅದೇ ಆರ್‌ಪಿಎಂ, ಅದೇ ಲೋಡ್ ಬರುವ ಹಾಗೆ ಓಡಿಸಿ ಪೆಂಡಿಂಗ್ ಕೋಡ್ ಇದೆಯಾ ನೋಡಿ. ಒಂದೇ ಸಲ ನೋಡಿ ಬಿಡಬೇಡಿ, ಮುಂದಿನ ಕೆಲವು ಓಡಾಟದ ನಂತರವೂ ನೋಡಿ.