ಹಳೇ ಟಿವಿ ಬೀರು ಗೋಸುಂಬೆಗೆ ಮನೆಯಾಗುತ್ತಾ?

ಪ್ರಶ್ನೆ: ನಾವು ಅಮೆರಿಕದ ಫೀನಿಕ್ಸ್‌ನಲ್ಲಿದ್ದೇವೆ. ಮಗಳ ಆಸೆಗೆ ಒಂದು ವೇಲ್ಡ್ ಕಮೀಲಿಯನ್ (ಯೆಮನ್ ಕಡೆಯ ಒಂದು ಗೋಸುಂಬೆ ಜಾತಿ) ಮರಿ ತಂದೆವು, ಈಗ ಅದಕ್ಕೆ ಐದು ತಿಂಗಳು. ಪಂಜರ ಸಾಲುತ್ತಿಲ್ಲ. ಪಕ್ಕದ ಮನೆಯವರು ಊರು ಬಿಡುವಾಗ ಒಂದು ಮರದ ಟಿವಿ ಬೀರು ಕೊಟ್ಟು ಹೋದರು. ಎತ್ತರ 6 ಅಡಿ, ಅಗಲ 40 ಇಂಚು, ಆಳ 24 ಇಂಚು. ಕೆಳಗೆ ಡ್ರಾಯರ್, ಒಂದು ಬಾಗಿಲ ಒಳಗಡೆ ಕನ್ನಡಿ, ಪೂರ್ತಿ ಬಿಳಿ ಬಣ್ಣ. ಇದನ್ನು ಗೂಡು ಮಾಡಬಹುದಾ? ಬಾಗಿಲಿಗೆ ಗಾಜು ಹಾಕೋಣ ಅಂತ ನಮ್ಮ ಯಜಮಾನರು ಹೇಳುತ್ತಾರೆ.

ಉತ್ತರ: ಮಾಡಬಹುದು. ನಿಮಗೆ ಸಿಕ್ಕಿರುವುದು ಒಳ್ಳೆಯ ಬೀರು. ಹಳೇ ಡಬ್ಬಾ ಟಿವಿಯ ಹಿಂಭಾಗಕ್ಕೆ ಜಾಗ ಬೇಕು ಅಂತ ಇವನ್ನು ಅಷ್ಟು ಆಳವಾಗಿ ಮಾಡುತ್ತಿದ್ದರು, ಆ ಆಳವೇ ಈಗ ನಿಮ್ಮ ಕೆಲಸಕ್ಕೆ ಬರುತ್ತದೆ. ಪುಸ್ತಕದ ಕಪಾಟಾಗಿದ್ದರೆ ನಾನು ಬೇಡ ಅನ್ನುತ್ತಿದ್ದೆ, 12 ಇಂಚು ಆಳದಲ್ಲಿ ಗೋಸುಂಬೆ ತಿರುಗಾಡೋದು ಹೇಗೆ? ಬೆಳೆದ ವೇಲ್ಡ್‌ಗೆ ಕನಿಷ್ಠ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ ಬೇಕು. ಒಳಗಿನ ಹಲಗೆ ತೆಗೆದರೆ ಡ್ರಾಯರ್ ಮೇಲೆ ನಿಮಗೆ ಅಷ್ಟು ಸಿಗುತ್ತದೆ. ಗೂಡು ನೆಲದಿಂದ ಮೇಲೆ ಇರುವುದೂ ಒಳ್ಳೆಯದೇ. ನಾವು ಮೇಲಿನಿಂದ ಬಗ್ಗಿ ನೋಡಿದರೆ ಗೋಸುಂಬೆ ಹೆದರುತ್ತದೆ, ನಮ್ಮ ಕಣ್ಣಿಗಿಂತ ಎತ್ತರದ ಕೊಂಬೆಯಲ್ಲಿ ಕೂತರೆ ನೆಮ್ಮದಿಯಾಗಿರುತ್ತದೆ.

ಆದರೆ ಉಜ್ಜುವ ಕಾಗದ ಕೈಗೆ ತಗೊಳ್ಳುವ ಮುಂಚೆ ಆ ಬಿಳಿ ಬಣ್ಣ ಪರೀಕ್ಷೆ ಮಾಡಿ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹಾಕುವುದನ್ನು ನಿಲ್ಲಿಸಿದ್ದು 1978ರಲ್ಲಿ. ಟಿವಿ ಬೀರುಗಳು ಸಾಮಾನ್ಯವಾಗಿ ಅದರ ನಂತರದವು, ಆದರೆ ಅದಕ್ಕಿಂತ ಹಳೇ ಬಟ್ಟೆ ಬೀರುವನ್ನು ಟಿವಿಗೆ ಹೊಂದಿಸಿಕೊಂಡಿದ್ದರೆ ನೋಡಿ ಹೇಳೋದು ಕಷ್ಟ. ಗೋಸುಂಬೆ ಬಟ್ಟಲಿನಲ್ಲಿ ಇಟ್ಟ ನೀರು ಕುಡಿಯುವುದಿಲ್ಲ. ಎಲೆ, ಕೊಂಬೆ, ಗೋಡೆ ಮೇಲೆ ನಿಂತ ಹನಿ ನೆಕ್ಕುತ್ತದೆ. ಗೋಡೆಯ ಬಣ್ಣದಲ್ಲಿ ಏನಿದೆಯೋ ಅದು ಹೊಟ್ಟೆಗೆ ಹೋಗುತ್ತದೆ, ಅಲ್ವಾ? ಸೀಸ ಇದೆ ಅಂತ ಗೊತ್ತಾದರೆ ಆ ಬೀರು ಬಿಟ್ಟುಬಿಡಿ. ಉಜ್ಜಿದ ಧೂಳು ನಿಮ್ಮ ಮಗಳಿಗೂ ಒಳ್ಳೆಯದಲ್ಲ.

ಆಮೇಲೆ ಒಂದು ಡ್ರಾಯರ್ ಎಳೆದು ಹಲಗೆಯ ಅಂಚು ನೋಡಿ. ಗಟ್ಟಿ ಮರ ಅಥವಾ ಪ್ಲೈವುಡ್ ಆದರೆ ಸರಿ. ಮರದ ಪುಡಿ ಅಂಟಿಸಿ ಒತ್ತಿದ ಪಾರ್ಟಿಕಲ್ ಬೋರ್ಡ್ ಆದರೆ ತುಂಬಾ ಹುಷಾರು. ನನ್ನ ಮೊದಲ ಗೂಡು ಅಂಥದ್ದೇ. ಒಂದು ಕೈ ವಾರ್ನಿಶ್ ಹೊಡೆದು ಸಾಕು ಅಂದುಕೊಂಡಿದ್ದೆ. ನಾಲ್ಕನೇ ತಿಂಗಳಿಗೆ ಕೆಳಗಿನ ಮೂಲೆ ನೆನೆದ ರಸ್ಕಿನ ಹಾಗೆ ಉಬ್ಬಿತು, ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು, ಹಿಂದೆ ಕಪ್ಪು ಬೂಷ್ಟು. ಪ್ರಾಣಿಯನ್ನು ರಾತ್ರೋರಾತ್ರಿ ಬೇರೆ ಕಡೆ ಸಾಗಿಸಬೇಕಾಯಿತು. ಅದಕ್ಕೇ ಹೇಳುತ್ತೇನೆ, ವಾಟರ್-ಬೇಸ್ಡ್ ಪಾಲಿಯುರೆಥೇನ್ ವಾರ್ನಿಶ್ ಮೂರು ನಾಲ್ಕು ಕೈ ಬಳಿಯಿರಿ. ಒಂದು ಕೈ ಒಣಗಿದ ಮೇಲೇ ಇನ್ನೊಂದು. ತಿರುಪು ಹಾಕಿದ ತೂತು, ಹಲಗೆಯ ಕತ್ತರಿಸಿದ ಅಂಚು, ಎಲ್ಲಾದರೂ ಒಂದು ಕಡೆ ಬಿಟ್ಟರೆ ನೀರು ಅಲ್ಲೇ ಒಳಗೆ ಹೋಗುತ್ತದೆ. ಮೂಲೆಗಳಿಗೆ ಅಕ್ವೇರಿಯಂಗೆ ಬಳಸುವ ಸಿಲಿಕೋನ್ ಹಾಕಿ, ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ್ದು ಬೇಡ. ಆಮೇಲೆ ಎರಡು ಮೂರು ವಾರ ಬಾಗಿಲು ತೆಗೆದು ಸುಮ್ನೆ ಬಿಡಿ. ತಲೆ ಒಳಗೆ ಹಾಕಿ ಮೂಸಿದಾಗ ವಾಸನೆ ಬಂದರೆ ಇನ್ನೂ ಆಗಿಲ್ಲ ಅಂತ ಅರ್ಥ.

ತಳಕ್ಕೆ ಪ್ಲಾಸ್ಟಿಕ್ ತಟ್ಟೆ ಇಟ್ಟು, ಸ್ವಲ್ಪ ಇಳಿಜಾರು ಮಾಡಿ, ತೂತಿನಿಂದ ಪೈಪ್ ಇಳಿಸಿ. ಮೇಲಿನ ಡ್ರಾಯರ್ ತೆಗೆದು ಆ ಜಾಗದಲ್ಲಿ ಬಕೆಟ್ ಇಡಿ. ಪಂಜರ ಇಟ್ಟವರು ದಿನಾ ಒರೆಸುವ ನೀರು ನಿಮ್ಮಲ್ಲಿ ಕಣ್ಣಿಗೇ ಕಾಣದೆ ಹೋಗುತ್ತದೆ.

ಈಗ ಗಾಜಿನ ವಿಷಯ. ಫೀನಿಕ್ಸ್‌ನ ಒಣ ಹವೆ, ಮೇಲೆ ದಿನವಿಡೀ ಎಸಿ. ನಾಲ್ಕೂ ಕಡೆ ಜಾಲರಿ ಇರುವ ಪಂಜರ ಅಲ್ಲಿ ಹತ್ತು ನಿಮಿಷಕ್ಕೆ ಒಣಗುತ್ತದೆ, ಹಾಗಾಗಿ ಮುಚ್ಚಿದ ಪಕ್ಕಗಳು ನಿಮಗೆ ಅನುಕೂಲವೇ. ಬಾಗಿಲಿಗೂ ಗಾಜು ಹಾಕಿ, ಆದರೆ ಬೀರುವಿನ ಮಾಡು, ಅಂದರೆ ಮೇಲಿನ ಹಲಗೆ, ಪೂರ್ತಿ ಕತ್ತರಿಸಿ ಜಾಲರಿ ಹಾಕಬೇಕು, ಮುಂದುಗಡೆ ಬುಡದಲ್ಲಿ ಆರು ಇಂಚಿನ ಜಾಲರಿ ಪಟ್ಟಿ ಬಿಡಬೇಕು. ದೀಪದ ಶಾಖಕ್ಕೆ ಬಿಸಿ ಗಾಳಿ ಮೇಲೆ ಹೋಗುತ್ತದೆ, ಬುಡದಿಂದ ಹೊಸ ಗಾಳಿ ತಾನಾಗಿ ಬರುತ್ತದೆ, ಅಡುಗೆಮನೆ ಹೊಗೆಗೂಡಿನ ಹಾಗೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ತೇವದ ಗಾಳಿ ಅಲ್ಲೇ ಕೊಳೆತು ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಲ್ಲಿ ಚಟಚಟ ಸದ್ದು ಬಂದರೆ ಅವತ್ತೇ ಸರೀಸೃಪಗಳ ವೈದ್ಯರ ಹತ್ತಿರ ಹೋಗಿ.

ಕನ್ನಡಿ ಮಾತ್ರ ಇವತ್ತೇ ಕಿತ್ತುಹಾಕಿ. ತನ್ನ ಬಿಂಬ ಕಂಡರೆ ಅದು ಇನ್ನೊಂದು ಗೋಸುಂಬೆ ಬಂತು ಅಂದುಕೊಳ್ಳುತ್ತದೆ. ಮೈ ಕಪ್ಪಾಗುತ್ತೆ, ಗಂಟಲು ಉಬ್ಬಿಸುತ್ತೆ, ಮೈ ಹಪ್ಪಳದ ಹಾಗೆ ಅಗಲ ಮಾಡಿ ಬುಸುಗುಡುತ್ತೆ. ದಿನಾ ಹೀಗಾದರೆ ಊಟ ಬಿಡುತ್ತದೆ.

ಜಾಲರಿಗೆ ಕಿಟಕಿಯ ಸೊಳ್ಳೆಪರದೆ ತರಬೇಡಿ. ಊಟಕ್ಕೆ ಬಿಟ್ಟ ಮಿಡತೆ ಕಡಿದು ತೂತು ಮಾಡುತ್ತದೆ, ಉಗುರೂ ಸಿಕ್ಕಿಕೊಳ್ಳುತ್ತದೆ. ಪಿವಿಸಿ ಲೇಪಿಸಿದ ಕಾಲು ಇಂಚಿನ ತಂತಿ ಜಾಲರಿ ತನ್ನಿ.

ಇನ್ನು ಬೆಳಕು. ದುಡ್ಡು ಉಳಿಸಬೇಕಾದರೆ ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ. ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಒಂದು ಬಗೆಯ ಕಿರಣ, ಇಲ್ಲದೆ ಗೋಸುಂಬೆಯ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ, ಕ್ಯಾಲ್ಸಿಯಂ ಹತ್ತುವುದಿಲ್ಲ, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಸೊಟ್ಟಗಾದ ಕಾಲು ಮತ್ತೆ ನೆಟ್ಟಗಾಗುವುದಿಲ್ಲ. ಉದ್ದನೆಯ ಟಿ5 ಎಚ್‌ಒ (ತೆಳ್ಳಗಿನ, ಹೆಚ್ಚು ಬೆಳಕು ಕೊಡುವ) ಟ್ಯೂಬ್, ಯುವಿಬಿ ಶೇ 5 ಅಥವಾ 6ರದ್ದು, ಮಾಡಿನ ಜಾಲರಿ ಮೇಲೆ ಇಡಿ. ನಡುವೆ ಗಾಜು ಬಂದರೆ ಯುವಿಬಿ ಅಲ್ಲೇ ನಿಲ್ಲುತ್ತದೆ, ಕಿಟಕಿ ಬಿಸಿಲಿಗೂ ಇದೇ ಮಾತು. ಎಲ್ಲಕ್ಕಿಂತ ಮೇಲಿನ ಕೊಂಬೆ ಜಾಲರಿಯಿಂದ ಎಂಟು ಒಂಬತ್ತು ಇಂಚು ಕೆಳಗಿರಲಿ. ಟ್ಯೂಬ್ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ, ಕಣ್ಣಿಗೆ ಕಾಣುವ ಬೆಳಕು ಇದ್ದರೂ ಯುವಿಬಿ ಕಡಿಮೆಯಾಗಿರುತ್ತದೆ. ಬಿಸಿಗೆ ಬೇರೆ ಬಲ್ಬ್, ಪಿಂಗಾಣಿ ಹೋಲ್ಡರ್, ಮರದ ಅಂಚಿಗೆ ತಾಗದ ಹಾಗೆ ನೇತುಹಾಕಿ. ಬಿಸಿಲು ಕಾಯುವ ಕೊಂಬೆ ಮೇಲೆ, ಪ್ರಾಣಿಯ ಬೆನ್ನಿನ ಎತ್ತರದಲ್ಲಿ ಥರ್ಮಾಮೀಟರ್ ತಂತಿ ಇಟ್ಟು ನೋಡಿ: 85 ಫ್ಯಾರನ್‌ಹೀಟ್, ಅಂದರೆ 29 ಸೆಲ್ಸಿಯಸ್ ಸಾಕು. ಬಲ್ಬ್ ಹತ್ತಿರವಾದರೆ ಬೆನ್ನು, ತಲೆಯ ಕಿರೀಟ ಸುಟ್ಟುಹೋಗುತ್ತದೆ, ಆದರೂ ಅದು ಜಾಗ ಬಿಟ್ಟು ಏಳುವುದಿಲ್ಲ. ರಾತ್ರಿ ಎಲ್ಲ ದೀಪ ಆರಿರಬೇಕು, ಕೆಂಪು ದೀಪವೂ ಬೇಡ.

ಬೀರುವಿನ ಇನ್ನೊಂದು ಲಾಭ ಕೇಳಿ. ಮರದ ಗೋಡೆ ಇರುವುದರಿಂದ ಹೊರಗಿನಿಂದ ತಿರುಪು ಹಾಕಿ ಕೊಂಬೆ ಭದ್ರ ಮಾಡಬಹುದು, ತೆಳ್ಳನೆಯ ಜಾಲರಿ ಪಂಜರ ಆ ಭಾರ ತಡೆಯುವುದಿಲ್ಲ. ಗೋಸುಂಬೆಯ ಪಾದ ಇಕ್ಕಳದ ಹಾಗೆ, ಒಂದು ಕಡೆ ಎರಡು ಬೆರಳು, ಇನ್ನೊಂದು ಕಡೆ ಮೂರು. ಪೆನ್ಸಿಲ್ ದಪ್ಪದಿಂದ ಹೆಬ್ಬೆರಳ ದಪ್ಪದವರೆಗೆ ಬೇರೆಬೇರೆ ಕೊಂಬೆ ಅಡ್ಡಡ್ಡ ಕೊಡಿ. ಗಿಡಕ್ಕೆ ನಮ್ಮ ಮನಿ ಪ್ಲಾಂಟ್ ಮತ್ತು ದಾಸವಾಳ ಸಾಕು. ವೇಲ್ಡ್ ಎಲೆ ತಿನ್ನುತ್ತದೆ, ದಾಸವಾಳದ ಹೂವನ್ನಂತೂ ಬಿಡುವುದೇ ಇಲ್ಲ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ, ಎಲೆ ತೊಳೆದು ಮಣ್ಣು ಬದಲಾಯಿಸಿ. ಬೆಳಗ್ಗೆ ದೀಪ ಹತ್ತುವ ಮುಂಚೆ ಎರಡು ನಿಮಿಷ ನೀರು ಸಿಂಪಡಿಸಿ ಸುಮ್ಮನೆ ನಿಂತು ನೋಡಿ. ಮೊದಲು ಒಂದು ಕಣ್ಣು ಹನಿಯ ಕಡೆ ತಿರುಗುತ್ತದೆ, ಇನ್ನೊಂದು ನಿಮ್ಮನ್ನೇ ನೋಡುತ್ತಿರುತ್ತದೆ. ತುಂಬಾ ಹೊತ್ತಾದ ಮೇಲೆ ಎಲೆಯ ತುದಿಗೆ ಬಾಯಿ ಇಡುತ್ತದೆ.

ಗಂಡೋ ಹೆಣ್ಣೋ ನೀವು ಬರೆದಿಲ್ಲ. ಹಿಂಗಾಲ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥ ಗುಬುಟು ಇದ್ದರೆ ಗಂಡು, ಹುಟ್ಟುವಾಗಲೇ ಇರುತ್ತದೆ. ಇಲ್ಲದಿದ್ದರೆ ಹೆಣ್ಣು, ಆಗ ಈಗಿನಿಂದಲೇ ಒಂದು ಅಡಿ ಆಳದ ಡಬ್ಬದಲ್ಲಿ ತೊಳೆದ ಮರಳು ಒದ್ದೆ ಮಾಡಿ ತಳದಲ್ಲಿ ಇಡಿ. ಗಂಡು ಇಲ್ಲದೆಯೂ ಅದು ಮೊಟ್ಟೆ ಇಡುತ್ತದೆ. ಅಗೆಯುವುದಕ್ಕೆ ಜಾಗ ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿ ಸತ್ತೇ ಹೋಗಬಹುದು.

ಬೀರುವನ್ನು ಗೋಡೆಗೆ ತಿರುಪು ಹಾಕಿ ಬಿಗಿಯಿರಿ. ಮಾಡು ಕತ್ತರಿಸಿದ ಬೀರು ಜಾಸ್ತಿ ಅಲ್ಲಾಡುತ್ತದೆ.

ಪ್ರಶ್ನೆ: ನಮ್ಮದು ಚಿತ್ರದುರ್ಗದ ಹತ್ತಿರದ ಹಳ್ಳಿ. ಹೊಲದ ಬೇಲಿಯಲ್ಲಿ ಒಂದು ಗೋಸುಂಬೆ ಸಿಕ್ಕಿದೆ. ಹಳೇ ಬೀರುವಿಗೆ ಜಾಲರಿ ಹಾಕಿ ಸಾಕಬಹುದಾ?

ಉತ್ತರ: ಬೇಡ. ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಸಾಕುವುದು ಅಪರಾಧ. ಮೇಲಿನ ಉತ್ತರ ಅಂಗಡಿಯಲ್ಲಿ ಸಾಕಿ ಬೆಳೆಸಿ ಮಾರುವ, ಯೆಮನ್ ಕಡೆಯ ಬೇರೆ ಜಾತಿಯದ್ದು. ನಿಮಗೆ ಸಿಕ್ಕಿದ್ದು ವಿಷದ ಪ್ರಾಣಿ ಅಲ್ಲ, ಯಾರಾದರೂ ಕಲ್ಲು ಹೊಡೆಯಲು ಬಂದರೆ ಇದನ್ನು ಹೇಳಿ. ಒಂದು ಕೋಲನ್ನು ಅದರ ಮುಂದೆ ಹಿಡಿಯಿರಿ, ತಾನಾಗಿ ಹತ್ತುತ್ತದೆ. ಅದು ಯಾವ ಕಡೆ ಹೊರಟಿತ್ತೋ ಆ ಕಡೆಯ ಮರಕ್ಕೆ ಕೋಲು ತಾಗಿಸಿ. ನಾಲ್ಕೂ ಕಾಲು ಕೊಂಬೆ ಹಿಡಿದ ಮೇಲೆ ಕೋಲು ತೆಗೆಯಿರಿ.