ಕೊನೆಯ ಸಾಲನ್ನೇ ಮೊದಲು ನೋಡೋಣ

ಪ್ರಶ್ನೆ: ನಾನು ಮಂಗಳೂರಿನ ಕೆಥೋಲಿಕ್ ಹೆಣ್ಣುಮಗಳು, 36 ವರ್ಷ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಕೆಥೋಲಿಕ್ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರು ಮಕ್ಕಳು ಸಾಕು ಅಂತ ಗಂಡ-ಹೆಂಡತಿ ತೀರ್ಮಾನಿಸಿದ್ದೇವೆ. ಡಾಕ್ಟರ್ ಹಾರ್ಮೋನ್ ಇರುವ ಐಯುಡಿ (ಗರ್ಭಕೋಶದೊಳಗೆ ಇಡುವ ಗರ್ಭನಿರೋಧಕ ಸಾಧನ) ಹಾಕಿಸಿಕೊಳ್ಳಿ ಎಂದರು. ನಮ್ಮ ಆಸ್ಪತ್ರೆಯ ಇನ್ಶೂರೆನ್ಸ್ ಗರ್ಭನಿರೋಧಕಕ್ಕೆ ದುಡ್ಡು ಕೊಡುವುದಿಲ್ಲವಂತೆ. ಎಚ್‌ಆರ್ ಹತ್ತಿರ ಕೇಳಲು ಭಯ, ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದು ಅವರೇ. ಅವರ ಅನ್ನ ತಿಂದು, ಇಗರ್ಜಿಗೂ ಹೋಗುತ್ತಾ ಇದನ್ನು ಕೇಳುವುದು ತಪ್ಪೇ? ಅಂದಹಾಗೆ, ಒಂದು ವರ್ಷದಿಂದ ಮುಟ್ಟಿನಲ್ಲಿ ರಕ್ತ ತುಂಬಾ ಹೋಗುತ್ತಿದೆ.

ಉತ್ತರ: ‘ಅಂದಹಾಗೆ’ ಅಂತ ಸೇರಿಸಿದ ಆ ಕೊನೆಯ ಸಾಲನ್ನು ಮೂರು ಸಲ ಓದಿದೆ. ಡ್ಯೂಟಿಯಲ್ಲಿ ‘ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸಿದಿರಿ?’ ಅಂತ ರೋಗಿಯನ್ನು ಕೇಳಿ ಬರೆದುಕೊಳ್ಳುವವರು ನೀವು. ನಿಮ್ಮದೇ ಲೆಕ್ಕ ಎಲ್ಲಾದರೂ ಬರೆದಿಟ್ಟಿದ್ದೀರಾ? ಇವತ್ತಿನಿಂದ ಬರೆಯಿರಿ. ಹಿಮೋಗ್ಲೋಬಿನ್ ನೋಡಿಸಿ.

ಯಾಕೆಂದರೆ ಆ ಐಯುಡಿ ಅತಿಸ್ರಾವಕ್ಕೂ ಮದ್ದು. 2009ರಲ್ಲೇ ಅಂಥದ್ದೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾರಣಕ್ಕೂ ಒಪ್ಪಿಗೆ ಕೊಟ್ಟಿದೆ. ಗರ್ಭನಿರೋಧಕ ಅಂದರೆ ಕೈಯೆತ್ತುವ ಇನ್ಶೂರೆನ್ಸ್, ಚಿಕಿತ್ಸೆ ಅಂತ ಡಾಕ್ಟರ್ ಬರೆದರೆ ಒಪ್ಪುವುದುಂಟು. ಗರ್ಭನಿರೋಧಕ ಕೂಡದು ಎಂದ ಪೋಪ್ ಆರನೇ ಪೌಲರ 1968ರ ಪತ್ರದಲ್ಲೇ, ಕಾಯಿಲೆ ವಾಸಿಮಾಡುವ ಮದ್ದಿಗೆ ಅಡ್ಡಿಯಿಲ್ಲ ಎಂಬ ಮಾತೂ ಇದೆ. ಆದರೆ ನಿಮಗೆ ಮೂರನೇ ಮಗುವೂ ಬೇಡ. ಅದನ್ನು ನಿಮ್ಮಿಂದಲೇ ಮುಚ್ಚಿಡಬೇಡಿ. ಡಾಕ್ಟರ್ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ, ಸಾಕು. ಉಳಿದದ್ದು ನಿಮ್ಮ ಮತ್ತು ದೇವರ ನಡುವಿನ ಮಾತು. ಬೇಕಿದ್ದರೆ ನಂಬಿಕೆಯ ಫಾದರ್ ಒಬ್ಬರ ಹತ್ತಿರ ಹೇಳಿಕೊಳ್ಳಿ. ಎಚ್‌ಆರ್ ಅದರಲ್ಲಿ ಎಲ್ಲೂ ಬರುವುದಿಲ್ಲ.

‘ಅವರ ಅನ್ನ’ ಅಂದಿರಲ್ಲ, ಅದು ನನಗೆ ಹಿಡಿಸಲಿಲ್ಲ. ಇನ್ಶೂರೆನ್ಸ್ ದಾನವಲ್ಲ, ನಿಮ್ಮ ದುಡಿಮೆಯ ಕೂಲಿ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ ಬಿಟ್ಟಿ ಹಾಕುತ್ತಾರೆ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಅಮೆರಿಕದಲ್ಲಿ ಹೆಚ್ಚಿನವರಿಗೆ ಇನ್ಶೂರೆನ್ಸ್ ಬರುವುದೇ ಕೆಲಸ ಕೊಟ್ಟವರ ಕೈಯಿಂದ. ಅದಕ್ಕೇ ಇಷ್ಟು ಗೋಜಲು.

ಒಬಾಮಾ ಕಾಲದ 2010ರ ಕಾನೂನಿನಡಿ, 2012ರಿಂದ ಹೆಚ್ಚಿನ ಪ್ಲಾನ್‌ಗಳು ಗರ್ಭನಿರೋಧಕವನ್ನು ಪುಕ್ಕಟೆ ಕೊಡಬೇಕಾಯಿತು. ಇಗರ್ಜಿಗಳಿಗೆ ವಿನಾಯಿತಿ ಇತ್ತು. ಧಾರ್ಮಿಕ ಆಸ್ಪತ್ರೆ, ಕಾಲೇಜುಗಳಿಗೆ ನಡುದಾರಿ ಮಾಡಿದರು: ‘ನಮಗೆ ಒಪ್ಪಿಗೆಯಿಲ್ಲ’ ಅಂತ ಅವರು ಬರೆದುಕೊಟ್ಟರೆ ಇನ್ಶೂರೆನ್ಸ್ ಕಂಪನಿ ಬೇರೆಯಾಗಿ ಕೊಡುವುದು. ಹಾಗೆ ಬರೆದುಕೊಡುವುದೂ ಪಾಪದಲ್ಲಿ ಪಾಲು ಅಂತ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸನ್ಯಾಸಿನಿಯರು ಕೋರ್ಟಿಗೆ ಹೋದರು. ಆಮೇಲೆ ಟ್ರಂಪ್ ಸರ್ಕಾರ ವಿನಾಯಿತಿಯನ್ನು ಹಿಗ್ಗಿಸಿತು. ನೀವಿರುವ ಪೆನ್ಸಿಲ್ವೇನಿಯಾವೇ ಅದರ ವಿರುದ್ಧ ಕೇಸು ಹಾಕಿತು. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಸರ್ಕಾರದ ಕಡೆ ನಿಂತಿತು. ಜಗಳ ಅಲ್ಲಿಗೂ ಮುಗಿಯಲಿಲ್ಲ. ಆ ಸಿಸ್ಟರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಮನಸ್ಸಾಕ್ಷಿಗೆ ಅಷ್ಟು ಬೆಲೆಯಿದ್ದರೆ, ನೈಟ್ ಡ್ಯೂಟಿ ಮಾಡುವ ನರ್ಸಿನದಕ್ಕೂ ಇರಬೇಕಲ್ವಾ?

ಈಗ ಮಾಡಬೇಕಾದ್ದು. ರಜೆಯ ದಿನ ಕಾರಿನಲ್ಲಿ ಒಬ್ಬರೇ ಕೂತು ಇನ್ಶೂರೆನ್ಸ್ ಕಾರ್ಡಿನ ಹಿಂಭಾಗದ ನಂಬರಿಗೆ ಫೋನ್ ಮಾಡಿ. ಆ ನಡುದಾರಿ ನಿಮ್ಮ ಪ್ಲಾನ್‌ನಲ್ಲಿದೆಯಾ, ಅತಿಸ್ರಾವದ ಚಿಕಿತ್ಸೆಗಾದರೆ ಐಯುಡಿಗೆ ಒಪ್ಪುತ್ತಾರಾ, ಮೊದಲೇ ಅನುಮತಿ ಬೇಕಾ, ಕೇಳಿ. ಮಾತಾಡಿದವರ ಹೆಸರು, ತಾರೀಕು ಗುರುತು ಹಾಕಿಕೊಳ್ಳಿ. ಇದಕ್ಕೆ ಎಚ್‌ಆರ್ ಬಾಗಿಲು ತಟ್ಟಬೇಕಿಲ್ಲ.

ಇಲ್ಲ ಅಂದರೆ ಗಂಡನ ಕಂಪನಿಯ ಪ್ಲಾನ್ ನೋಡಿ. ಸಾಮಾನ್ಯವಾಗಿ ವರ್ಷದ ಕೊನೆಗೆ ಸೇರಲು ಅವಕಾಶ ಇರುತ್ತದೆ. ಕೈಯಿಂದ ಕೊಡುವುದಾದರೆ ಸಾವಿರ ಡಾಲರ್ ದಾಟಬಹುದು, ಹಾಗಾಗಿ ಸರ್ಕಾರದ ಅನುದಾನದಲ್ಲಿ ನಡೆಯುವ ಟೈಟಲ್ ಟೆನ್ ಕುಟುಂಬ ಯೋಜನೆ ಕ್ಲಿನಿಕ್‌ನಲ್ಲೂ ವಿಚಾರಿಸಿ. ಅಲ್ಲಿ ಆದಾಯ ನೋಡಿ ಫೀಸು.

ಇವೆಲ್ಲಕ್ಕೂ ಮೊದಲು ಡಾಕ್ಟರ್ ಹತ್ತಿರ ಇನ್ನೊಮ್ಮೆ ಹೋಗಿ. ಪ್ಯಾಡಿನ ಲೆಕ್ಕ ಬರೆದ ಚೀಟಿ ಮರೆಯಬೇಡಿ.